ಮಕ್ಕಳ ಆರೋಗ್ಯರಕ್ಷೆ: ದಾನವೆ, ಸರಕಾರದ ಹೊಣೆಯೆ?

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಡವರ ಮಗು ಕಾಯಿಲೆ ಬಿದ್ದಾಗ ಚಿಕಿತ್ಸೆಯ ವೆಚ್ಚವನ್ನು ಭರಿಸಬೇಕಾದವರು ಯಾರು? ಉದಾರಿಗಳಾದ ನೆರೆಹೊರೆಯವರೋ, ತೆರಿಗೆ ಎತ್ತುವ ಸರಕಾರವೋ? ಬರಿಯ ತರ್ಕದಿಂದ ಉತ್ತರಿಸಹೊರಟರೆ ವಾದ ಬೆಳೆದೀತೇ ಹೊರತು ಬೆಳಕು ದೊರೆಯದು. ಆದುದರಿಂದ ಎರಡು ದಾರಿಗಳನ್ನೂ ತುಳಿದು ನೋಡಿದ ನಾಡೊಂದರ ಅನುಭವವನ್ನು ನಾವು ಪರಿಶೀಲಿಸೋಣ.

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಪಿಟ್ಸ್‌ಬರ್ಗ್ ಉಕ್ಕಿನ ನಗರವೆಂದು ಹೆಸರಾಗಿತ್ತು. 1980ರ ದಶಕದಲ್ಲಿ ಅಲ್ಲಿಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚತೊಡಗಿದವು. ಆ ದೇಶದಲ್ಲಿ ಆರೋಗ್ಯ ವಿಮೆ ಬಹುಮಟ್ಟಿಗೆ ಉದ್ಯೋಗದೊಡನೆ ಬರುವಂಥದು. ತಂದೆಯ ಕೆಲಸ ಹೋದಾಗ ಮಕ್ಕಳ ವಿಮೆಯೂ ಹೋಯಿತು. ಕಡುಬಡವರಿಗೆ 1965ರಲ್ಲಿ ಆರಂಭವಾದ ಮೆಡಿಕೇಡ್ ಎಂಬ ಸರಕಾರಿ ಯೋಜನೆ ಇತ್ತು. ಅದರ ಮಿತಿಗಿಂತ ತುಸು ಹೆಚ್ಚು ಆದಾಯವುಳ್ಳವರ ಮಕ್ಕಳು ಮಾತ್ರ ಅತ್ತಲೂ ಸಲ್ಲದೆ ಇತ್ತಲೂ ಸಲ್ಲದೆ ಉಳಿದರು. ಆಗ ಅಲ್ಲಿಯ ಚರ್ಚುಗಳೂ ಬ್ಲೂ ಕ್ರಾಸ್ ಎಂಬ ವಿಮಾ ಸಂಸ್ಥೆಯೂ ಕೂಡಿ, ದಾನದ ಹಣದಿಂದ ಅಂಥ ಮಕ್ಕಳಿಗೆ ವಿಮೆ ಒದಗಿಸುವ ಕಾರ್ಯವನ್ನು ಕೈಗೊಂಡವು.

ದಾನದ ಹಿರಿಮೆ ಇದರಲ್ಲಿ ಕಾಣುತ್ತದೆ. ಅದು ಶಾಸನಕ್ಕಾಗಿ ಕಾಯುವುದಿಲ್ಲ. ಸಂಕಟವನ್ನು ಮೊದಲು ಕಾಣುವ ಕಣ್ಣು ಅದರದು. ಆದರೆ ಅದಕ್ಕೊಂದು ಎಲ್ಲೆಯೂ ಉಂಟು. ಕೂಡಿದ ಹಣವೆಷ್ಟೋ ಅಷ್ಟೇ ಮಕ್ಕಳಿಗೆ ರಕ್ಷೆ, ಉಳಿದವರು ಕಾಯಬೇಕು. ಊರು ಸೊರಗಿದಾಗ ನೆರವಿನ ಅಗತ್ಯ ಹೆಚ್ಚುತ್ತದೆ, ಆ ಹೊತ್ತಿಗೇ ಊರವರ ಕೈಯೂ ಬರಿದಾಗಿರುತ್ತದೆ. ಜ್ವರವಾದರೋ ದಾನಿಯ ಅನುಕೂಲವನ್ನು ನೋಡಿ ಬರುವುದಿಲ್ಲ.

1992ರಲ್ಲಿ ಆ ರಾಜ್ಯದ ಸರಕಾರವೇ ಈ ಹೊಣೆಯನ್ನು ಹೊತ್ತಿತು. ಗವರ್ನರ್ ರಾಬರ್ಟ್ ಕೇಸಿಯವರು ಸಹಿ ಮಾಡಿದ ಶಾಸನವು ಸಿಗರೇಟಿನ ತೆರಿಗೆಯ ಒಂದಂಶವನ್ನು ಮಕ್ಕಳ ವಿಮೆಗೆ ಮೀಸಲಿಟ್ಟಿತು. ದೇಶದಲ್ಲಿ ಸುಮಾರು ಒಂದು ಕೋಟಿ ಮಕ್ಕಳು ವಿಮೆಯಿಲ್ಲದೆ ಇದ್ದ 1997ರಲ್ಲಿ, ವಿರುದ್ಧ ಪಕ್ಷಗಳ ಸೆನೆಟರುಗಳಾದ ಎಡ್ವರ್ಡ್ ಕೆನೆಡಿ ಮತ್ತು ಓರಿನ್ ಹ್ಯಾಚ್ ಜೊತೆಗೂಡಿ ದುಡಿದುದರಿಂದ ರಾಷ್ಟ್ರವ್ಯಾಪಿಯಾದ ಯೋಜನೆ ಜಾರಿಗೆ ಬಂದಿತು. ಇದೂ ಮೆಡಿಕೇಡ್‌ನ ವಿಸ್ತರಣೆಯೂ 2010ರ ಆರೋಗ್ಯ ಶಾಸನವೂ ಸೇರಿ, 2016ರ ವೇಳೆಗೆ ವಿಮೆಯಿಲ್ಲದ ಮಕ್ಕಳ ಪ್ರಮಾಣ ನೂರಕ್ಕೆ ಸುಮಾರು 5ಕ್ಕೆ ಇಳಿಯಿತು.

ಹಾಗೆಂದು ಸರಕಾರದ ಹಣ ಬತ್ತದ ಬಾವಿಯೇನಲ್ಲ. 2007ರಲ್ಲಿ ಯೋಜನೆಯನ್ನು ವಿಸ್ತರಿಸುವ ಮಸೂದೆಗಳನ್ನು ಅಧ್ಯಕ್ಷ ಬುಷ್ ಎರಡು ಬಾರಿ ತಿರಸ್ಕರಿಸಿದರು. ಖಾಸಗಿ ವಿಮೆಯುಳ್ಳವರೂ ಸರಕಾರದ ಆಶ್ರಯಕ್ಕೆ ಸರಿಯುವರೆಂಬುದು ಅವರ ವಾದ. ವಿಸ್ತರಣೆ ದೊರೆತದ್ದು 2009ರಲ್ಲಿ. 2017ರ ಸೆಪ್ಟೆಂಬರ್ 30ರಂದು ಅನುದಾನದ ಅವಧಿ ಮುಗಿದಾಗ, 2018ರ ಜನವರಿಯವರೆಗೆ ತಾಯ್ತಂದೆಯರು ಆತಂಕದಲ್ಲಿ ದಿನ ನೂಕಬೇಕಾಯಿತು.

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ನಮಗೆ ದಾರಿ ತೋರುತ್ತದೆ. ಕಿರಿಯ ಸಂಘಗಳು ಮಾಡಬಲ್ಲ ಕಾರ್ಯವನ್ನು ರಾಜ್ಯವು ಕಸಿದುಕೊಳ್ಳಬಾರದೆಂದು ಪೋಪ್ 11ನೆಯ ಪಯಸ್ಸರು 1931ರಲ್ಲಿ ಬೋಧಿಸಿದರು. ವೈದ್ಯಕೀಯ ಆರೈಕೆ ಮಾನವನ ಹಕ್ಕೆಂದು ಪೋಪ್ 23ನೆಯ ಜಾನರು 1963ರಲ್ಲಿ ಸಾರಿದರು. ಇವೆರಡನ್ನೂ ಒಟ್ಟಿಗಿಟ್ಟು ನೋಡಿದರೆ ನಮಗೆ ತೋರುವುದಿಷ್ಟು: ಹಕ್ಕಾದುದನ್ನು ಭಿಕ್ಷೆಯಾಗಿ ಬೇಡುವ ಸ್ಥಿತಿಗೆ ಯಾವ ಮಗುವನ್ನೂ ತರಬಾರದು, ಆ ಹಕ್ಕಿನ ಖರ್ಚನ್ನು ಇಡೀ ನಾಡು ತೆರಿಗೆಯ ಮೂಲಕ ಹೊರಬೇಕು. ಆದರೆ ಆ ಹಕ್ಕು ಮಗುವಿನ ಮನೆಬಾಗಿಲಿಗೆ ತಲುಪಬೇಕಾದರೆ ನೆರೆಯವರ ಪ್ರೀತಿಯೇ ಬೇಕು. ಅಮೆರಿಕದಲ್ಲಿ ಅರ್ಹರಾದ ಎಷ್ಟೋ ಮಕ್ಕಳು, ಪೋಷಕರಿಗೆ ತಿಳಿಯದೆಯೋ ಅರ್ಜಿಯ ತೊಡಕಿನಿಂದಲೋ ಹೊರಗುಳಿದರು.

ನಮ್ಮ ರಾಜ್ಯದಲ್ಲಿಯೂ 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಜಾರಿಗೆ ಬಂದಿದೆ. ಕಾಣಿಕೆ ಡಬ್ಬಿಗೆ ಹಣ ಹಾಕುವುದನ್ನು ನಾವು ನಿಲ್ಲಿಸಬೇಕಾಗಿಲ್ಲ. ಅದರೊಡನೆ, ನಮ್ಮ ಬೀದಿಯಲ್ಲಿ ಚೀಟಿಯಿಲ್ಲದ, ಓದುಬರಹ ಬಾರದ ಮನೆ ಯಾವುದೆಂದು ವಿಚಾರಿಸಿ, ಆ ತಾಯಿಯೊಡನೆ ಕಚೇರಿಯವರೆಗೆ ನಡೆದುಹೋಗುವುದೂ ಪರಸ್ನೇಹವೇ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಧರ್ಮಕೇಂದ್ರಕ್ಕೆ ಇದು ಭಾರವಾಗಲಾರದೆಂದು ನಂಬಿ, ನಮ್ಮ ಮಾತನ್ನು ಮುಗಿಸುತ್ತೇವೆ.