ಕಲಿಸುವವರ ಕಲಿಕೆ



ಆಟಿಸಂ ಇರುವ ಎಳೆಯ ಮಗುವಿಗೆ ಕಲಿಸಲು ಪ್ರೀತಿಯೊಂದಿದ್ದರೆ ಸಾಕೆಂದು ಭಾವಿಸುವವರುಂಟು. ಅಮೆರಿಕದ ಕೋಗಲ್, ರುಸ್ಸೊ, ರಿಂಕೋವರ್ ಎಂಬವರು 1977ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೊಂದನ್ನು ತೋರಿತು: ಶಿಕ್ಷಕರು ವರ್ತನಾ ಚಿಕಿತ್ಸೆಯ ಕ್ರಮಗಳಲ್ಲಿ ನುರಿತ ಬಳಿಕವೇ ಮಕ್ಕಳು ಸ್ಥಿರವಾಗಿ ಮುಂದುವರಿದರು.

ಆ ಕ್ರಮವಾದರೂ ಏನು? “ಲೋಟ ಕೊಡು” ಎಂದು ಒಮ್ಮೆ ಸ್ಪಷ್ಟವಾಗಿ ಹೇಳಬೇಕು. ಮಗು ತಡವರಿಸಿದರೆ ಕೈಹಿಡಿದು ತೋರಿಸಿ, ಆ ಆಸರೆಯನ್ನು ಮೆಲ್ಲನೆ ಹಿಂತೆಗೆಯಬೇಕು. ಕೊಟ್ಟ ಕ್ಷಣವೇ ಮೆಚ್ಚಬೇಕು. ತುಸು ತಡವಾದರೆ ಮೆಚ್ಚುಗೆ ಬೇರಾವುದೋ ಚೇಷ್ಟೆಗೆ ಸಂದೀತು! ಇದು ಓದಿ ಬರುವುದಲ್ಲ. ಬಲ್ಲವರು ಪಕ್ಕದಲ್ಲಿ ನಿಂತು ತಿದ್ದಬೇಕು.

ಲಾಸ್ ಏಂಜಲೀಸಿನ ಲೋವಾಸರು (ಅವರ ಪದ್ಧತಿಯಲ್ಲಿ ಪೆಟ್ಟಿಗೂ ಎಡೆಯಿತ್ತು, ಅದನ್ನು ನಾನೊಪ್ಪಲಾರೆ) ಸಂಗಡಿಗರೊಡನೆ 1973ರಲ್ಲಿ ವರದಿಮಾಡಿದಂತೆ, ಚಿಕಿತ್ಸೆಯ ತರುವಾಯ ಸಂಸ್ಥೆಗಳಿಗೆ ಸೇರಿದ ಮಕ್ಕಳು ಕಲಿತದ್ದನ್ನು ಕಳೆದುಕೊಂಡರು. ತರಬೇತಿ ಪಡೆದ ತಂದೆತಾಯಿಯರ ಬಳಿಯಿದ್ದವರು ಉಳಿಸಿಕೊಂಡರು.