ರಕ್ತದ ಗುಂಪೂ ದೇಹದ ತೂಕವೂ



ಮನುಷ್ಯನಿಗೆ ಹುಟ್ಟಿನಿಂದ ಬಂದ ಗುಣಗಳು ಕೆಲವು. ನಡೆಯಿಂದ ಬಂದವು ಕೆಲವು. ಇವೆರಡರ ಅಂತರವನ್ನರಿಯದವನು ತನ್ನ ಕೈಯೊಳಗಿನ ಕಾರ್ಯವನ್ನು ಹಣೆಬರಹದ ಮೇಲೆ ಹೊರಿಸಿ ಸುಮ್ಮನಿರುವನು. ತಾರುಣ್ಯದಲ್ಲಿಯೇ ಮೈ ಬೆಳೆದು ರಕ್ತದ ಒತ್ತಡವು ಏರಿದಾಗ, ‘ಇದು ನನ್ನ ರಕ್ತದ ಗುಂಪಿನ ದೋಷವು’ ಎಂದು ಬಗೆಯುವುದು ಇಂತಹ ಭ್ರಾಂತಿಗಳಲ್ಲಿ ಒಂದು. ಇದರ ನಿಜಸ್ಥಿತಿಯನ್ನು ವಿಚಾರಿಸುವುದು ಯೋಗ್ಯವು.

ಮನುಷ್ಯರೆಲ್ಲರ ರಕ್ತವು ಒಂದೇ ಬಗೆಯದಲ್ಲವೆಂಬುದನ್ನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿದ್ವಾಂಸರು 1901ರಲ್ಲಿ ತೋರಿಸಿಕೊಟ್ಟರು. ಇದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಎ, ಬಿ, ಎಬಿ, ಓ ಎಂಬ ಈ ಗುಂಪುಗಳು ಕೆಂಪು ರಕ್ತಕಣಗಳ ಹೊರಮೈಯಲ್ಲಿರುವ ಸಕ್ಕರೆಯ ಜಾತಿಯ ಪದಾರ್ಥಗಳ ಭೇದದಿಂದ ಉಂಟಾದವು. ಇವು ತಾಯಿತಂದೆಗಳಿಂದ ಬರತಕ್ಕವು; ಉಪವಾಸದಿಂದಲಾಗಲಿ ಔಷಧದಿಂದಲಾಗಲಿ ಬದಲಾಗತಕ್ಕವಲ್ಲ. ರಕ್ತದಾನದ ಕಾಲದಲ್ಲಿ ಇವುಗಳ ಅರಿವು ಪ್ರಾಣವನ್ನು ಉಳಿಸುವುದು.

ರಕ್ತದ ಒತ್ತಡವಾದರೋ ಬೇರೊಂದು ವಿಷಯವು. ಹೃದಯವು ತಳ್ಳಿದ ರಕ್ತವು ನಾಳಗಳ ಗೋಡೆಯನ್ನು ಒತ್ತುವ ಬಲವೇ ಇದು. ಆಂಗ್ಲ ದೇಶದ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯವರು ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆಯನ್ನು ಜೋಡಿಸಿ ಇದನ್ನು ಅಳೆದು 1733ರಲ್ಲಿ ಪ್ರಕಟಿಸಿದರು. ತೋಳಿಗೆ ಪಟ್ಟಿಯನ್ನು ಸುತ್ತಿ ಅಳೆಯುವ ಕ್ರಮವನ್ನು ಇಟಲಿಯ ರಿವಾ-ರೋಚಿಯವರು 1896ರಲ್ಲಿ ತಂದರು. ನಾಡಿಯ ಸದ್ದನ್ನು ಆಲಿಸಿ ಎರಡು ಅಂಕಿಗಳನ್ನು ಗುರುತಿಸುವುದನ್ನು ರಷ್ಯಾದ ಕೊರೊಟ್ಕಾಫರು 1905ರಲ್ಲಿ ತಿಳಿಸಿದರು. ಮೇಲಿನ ಅಂಕಿಯು 140, ಇಲ್ಲವೆ ಕೆಳಗಿನದು 90, ಮತ್ತೆ ಮತ್ತೆ ಕಂಡುಬಂದರೆ ಅದನ್ನು ರೋಗವೆಂದು ವೈದ್ಯರು ಎಣಿಸುವರು.

ತೂಕವು ಹೆಚ್ಚಿದಂತೆಲ್ಲ ಹೃದಯವು ಹೆಚ್ಚು ರಕ್ತವನ್ನು ತಳ್ಳಬೇಕಾಗುವುದು, ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಡುವುವು, ಒತ್ತಡವು ಏರುವುದು. ತರುಣರಲ್ಲಿಯೂ ಈ ಸಂಬಂಧವು ದೇಶದೇಶಗಳಲ್ಲಿ ಕಂಡುಬಂದಿದೆ. ಗುಂಪಿಗೂ ತೂಕಕ್ಕೂ ಇರುವ ನಂಟು ಮಾತ್ರ ಹಾಗಲ್ಲ. ಒಂದೆಡೆಯ ವಿದ್ಯಾರ್ಥಿಗಳಲ್ಲಿ ಕಂಡುದು ಇನ್ನೊಂದೆಡೆಯವರಲ್ಲಿ ಕಾಣುವುದಿಲ್ಲ. ಓ ಅಲ್ಲದ ಗುಂಪಿನವರಲ್ಲಿ ರಕ್ತವು ನಾಳಗಳೊಳಗೆ ಹೆಪ್ಪುಗಟ್ಟುವ ಸಂಭವವು ತುಸು ಹೆಚ್ಚೆಂಬುದು ನಿಜವು. ಆದರೆ ಅದು ಮೈ ಬೆಳೆಯುವುದಕ್ಕೆ ಕಾರಣವಲ್ಲ.

ಒಂದೊಂದು ಗುಂಪಿಗೆ ಒಂದೊಂದು ಪಥ್ಯವೆಂದು ಅಮೇರಿಕದ ಪೀಟರ್ ಡಿ’ಅಡಾಮೊ ಎಂಬವರು 1996ರಲ್ಲಿ ಗ್ರಂಥವನ್ನು ಬರೆದರು. ಅದು ಲೋಕದಲ್ಲೆಲ್ಲ ಹಬ್ಬಿತು. ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 1,455 ಜನರ ಆಹಾರ, ತೂಕ, ಒತ್ತಡ, ಗುಂಪುಗಳನ್ನು ತಾಳೆನೋಡಿ 2014ರಲ್ಲಿ ಫಲವನ್ನು ಪ್ರಕಟಿಸಿದರು. ಅವರಲ್ಲಿ ಬಹುಮಂದಿ ತರುಣರು. ಎ ಗುಂಪಿನವರಿಗೆಂದು ಹೇಳಿದ, ಕಾಯಿಪಲ್ಯ, ಹಣ್ಣು, ಧಾನ್ಯಗಳು ಹೆಚ್ಚಾಗಿರುವ ಊಟವನ್ನು ಅನುಸರಿಸಿದವರಲ್ಲಿ ತೂಕವೂ ಒತ್ತಡವೂ ಕಡಿಮೆಯಾಗಿದ್ದುವು. ಆದರೆ ಈ ಗುಣವು ಎಲ್ಲ ಗುಂಪಿನವರಲ್ಲಿಯೂ ಸಮನಾಗಿತ್ತು! ಫಲವನ್ನು ಕೊಟ್ಟುದು ಊಟವೇ ಹೊರತು ಗುಂಪಲ್ಲವೆಂದು ಇದರಿಂದ ಸ್ಪಷ್ಟವಾಯಿತು.

ಆದುದರಿಂದ ತರುಣರು ಮಾಡತಕ್ಕದ್ದು ಕಠಿಣವಾದುದೇನೂ ಅಲ್ಲ. ದಿನದ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಲಿ. ವಾರಕ್ಕೆ 150 ನಿಮಿಷಗಳಾದರೂ ಚುರುಕಾದ ನಡಿಗೆಯಿರಲಿ. ಹೊಗೆಸೊಪ್ಪು, ಮದ್ಯಗಳು ದೂರವಿರಲಿ. ಏರಿದ ಒತ್ತಡವು ಬಹುಕಾಲ ನೋವನ್ನು ತೋರದೆಯೇ ಮಿದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುವುದರಿಂದ, ಮೈ ಚೆನ್ನಾಗಿದೆಯೆಂದು ತೋರಿದರೂ ಅಳೆಯಿಸಿಕೊಳ್ಳಬೇಕು. ಅಳೆಯುವ ಮುನ್ನ ಐದು ನಿಮಿಷ ಶಾಂತವಾಗಿ ಕುಳಿತಿರಬೇಕು. ದಪ್ಪ ತೋಳಿಗೆ ಅಗಲವಾದ ಪಟ್ಟಿಯೇ ಬೇಕು, ಇಲ್ಲವಾದರೆ ಅಂಕಿಯು ಸುಳ್ಳಾಗಿ ಏರಿ ತೋರುವುದು.

ದಾಸೋಹದ ಪಂಕ್ತಿಯಲ್ಲಿ ಕುಳಿತವನ ಹುಟ್ಟನ್ನು ಯಾರೂ ಕೇಳಲಾಗದು. ದೇಹಧರ್ಮವೂ ತೂಕದ ವಿಷಯದಲ್ಲಿ ಹುಟ್ಟಿನ ಗುಂಪನ್ನು ಕೇಳದೆ, ಉಂಡುದೆಷ್ಟು, ದುಡಿದುದೆಷ್ಟು ಎಂಬುದನ್ನೇ ಮುಖ್ಯವಾಗಿ ಕೇಳುವುದು. ಹಿತಮಿತವಾದ ಊಟವೂ ಬೆವರಿಳಿಸುವ ಕಾಯಕವೂ ಎಲ್ಲ ಗುಂಪಿನವರಿಗೂ ಒಂದೇ ಸಮನಾದ ಮದ್ದು.