ತಕ್ಕಡಿಗೆ ಮುದ್ರೆಯಿದೆ, ಚಿಕಿತ್ಸೆಯ ಕೈಗೆ ಬೇಡವೇ?

(ಬಜಗೋಳಿಯ ಸಭೆಯಲ್ಲಿ ಮಾಡಿದ ಭಾಷಣ)



ಈ ಪೇಟೆಯಲ್ಲಿ ಅಂಗಡಿ ಇಟ್ಟವರ ತಕ್ಕಡಿಗೆ ಅವಧಿಗೊಮ್ಮೆ ಸರಕಾರದ ಮುದ್ರೆ ಬೀಳಬೇಕು. ಕಾರ್ಕಳಕ್ಕೆ ಬಸ್ಸು ಓಡಿಸುವ ಚಾಲಕನ ಲೈಸೆನ್ಸು ನವೀಕರಣವಾಗಬೇಕು. ಒಂದು ಕಿಲೋ ಅಕ್ಕಿಗೆ ಇರುವ ಈ ಕಾವಲು, ಅಡಿಕೆ ಮರದಿಂದ ಬಿದ್ದವನ ಬೆನ್ನಿಗೆ ಬೇಡವೇ? ಇದೇ ಇಂದು ನಾವು ನಿಮ್ಮ ಮುಂದಿಡುವ ಪ್ರಶ್ನೆ.

ಬೀಡಿ ಸುತ್ತುವ ತಾಯಂದಿರ ಕುತ್ತಿಗೆ, ಗೇರುಬೀಜದ ಕಾರ್ಖಾನೆಯಲ್ಲಿ ಕುಳಿತವರ ಸೊಂಟ, ಕೆಂಪುಕಲ್ಲು ಹೊತ್ತವರ ಮೊಣಕಾಲು ಇವೇ ಅವರ ಬಂಡವಾಳ. ಅದು ಕೆಟ್ಟಾಗ ಮಾತ್ರೆಯೊಂದೇ ಸಾಲದು. ಕೀಲು, ಮಾಂಸಖಂಡಗಳನ್ನು ವ್ಯಾಯಾಮ ಮೊದಲಾದ ಉಪಾಯಗಳಿಂದ ಪುನಃ ಕೆಲಸಕ್ಕೆ ತರುವ ವಿದ್ಯೆಯೇ ಫಿಸಿಯೋಥೆರಪಿ. ಅದು ಬರೇ ಎಣ್ಣೆ ತಿಕ್ಕುವ ಕೆಲಸವಲ್ಲ. ಬೆನ್ನುನೋವಿನೊಡನೆ ಕಾಲು ಜೋಮು ಹಿಡಿದು ಮೂತ್ರದ ಹಿಡಿತ ತಪ್ಪಿದವನನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಲೇಬಾರದು. ಯಾವಾಗ ಮುಟ್ಟಬಾರದೆಂದು ತಿಳಿದಿರುವುದೇ ಕಲಿತವನ ಗುರುತು.

ಕಾನೂನು ಏನನ್ನುತ್ತದೆ? ದೆಹಲಿಯಲ್ಲಿ 1997ರ ಕಾಯಿದೆ, ಮಹಾರಾಷ್ಟ್ರದಲ್ಲಿ 2002ರ ಕಾಯಿದೆ ಇದ್ದವು. ಇಡೀ ದೇಶಕ್ಕೆ ಕಾಯಿದೆ ಬಂದದ್ದು 2021ರಲ್ಲಿ. ಅದರ ಪ್ರಕಾರ ಪ್ರತಿ ರಾಜ್ಯದಲ್ಲೂ ಒಂದು ಮಂಡಳಿ, ಒಂದು ನೋಂದಣಿ ಪಟ್ಟಿ ಇರಬೇಕು. ಆರು ತಿಂಗಳೊಳಗೆ ಮಂಡಳಿ ರಚಿಸಬೇಕೆಂದು ಕಾಯಿದೆಯಲ್ಲೇ ಬರೆದಿತ್ತು. ಆದರೆ ಮೂರು ವರ್ಷ ಕಳೆದ ಮೇಲೆ, 2024ರ ಆಗಸ್ಟಿನಲ್ಲಿ, ಅದನ್ನು ಜಾರಿಗೆ ತನ್ನಿರೆಂದು ಸುಪ್ರೀಂ ಕೋರ್ಟೇ ಕೇಂದ್ರಕ್ಕೂ ರಾಜ್ಯಗಳಿಗೂ ಆಜ್ಞಾಪಿಸಬೇಕಾಯಿತು. ಇನ್ನೊಂದು ಕಡೆ ನೋಡಿರಿ: ಇವರು ಹೆಸರಿನ ಮುಂದೆ 'ಡಾ.' ಎಂದು ಹಾಕಿಕೊಳ್ಳಬಾರದೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಸೆಪ್ಟೆಂಬರ್ 9ರಂದು ಪತ್ರ ಬರೆಯಿತು. ಮರುದಿನವೇ ಅದನ್ನು ಹಿಂತೆಗೆದುಕೊಂಡಿತು. ಒಂದಕ್ಷರಕ್ಕೆ ಇಷ್ಟು ಅವಸರ, ರೋಗಿಯ ರಕ್ಷಣೆಗೆ ಅಷ್ಟು ನಿಧಾನ!

ಇನ್ನು, ಒಮ್ಮೆ ಪಾಸಾದರೆ ಸಾಕೇ? ಹಿಂದೆ ಬೆನ್ನುನೋವಿಗೆ ದಿನಗಟ್ಟಲೆ ಮಲಗಿರಿ ಎನ್ನುತ್ತಿದ್ದರು. ಸಾಮಾನ್ಯ ಬೆನ್ನುನೋವಿಗೆ ಆದಷ್ಟು ಓಡಾಡಿಕೊಂಡಿರುವುದೇ ಮೇಲೆಂದು ಆಮೇಲೆ ಗೊತ್ತಾಯಿತು. ಹಳೆಯ ಪಾಠವನ್ನೇ ಒಪ್ಪಿಸುವವನಿಂದ ದಿನಗೂಲಿಯವನಿಗೆ ಎಷ್ಟು ದಿನದ ಸಂಬಳ ಖೋತಾ! ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಹೊಸ ವಿಷಯ ಕಲಿಯಬೇಕೆಂದು 2002ರ ನಿಯಮ ಹೇಳಿತು. ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಫಿಸಿಯೋಥೆರಪಿಯವರು ಎರಡು ವರ್ಷಕ್ಕೆ 30 ಗಂಟೆ ಕಲಿಯಬೇಕು. ಇಲ್ಲವಾದರೆ ಲೈಸೆನ್ಸು ನವೀಕರಣವಿಲ್ಲ. ಮಣಿಪಾಲದಲ್ಲಿ ಓದಿದ ಹುಡುಗಿ ಅಲ್ಲಿ ಕೆಲಸಕ್ಕೆ ಸೇರಿದರೆ ಅವಳಿಗೂ ಅದೇ ನಿಯಮ. ಅಲ್ಲಿಯವರ ಬೆನ್ನು ಬೆನ್ನು, ಬಜಗೋಳಿಯವರದು ಮರದ ಹಲಗೆಯೇ? ನಮ್ಮ 2021ರ ಕಾಯಿದೆ ಈ ನಿರಂತರ ಶಿಕ್ಷಣದ ಮಟ್ಟ ಗೊತ್ತುಮಾಡುವ ಕೆಲಸವನ್ನು ರಾಷ್ಟ್ರೀಯ ಆಯೋಗಕ್ಕೆ ವಹಿಸಿದೆ. ಇಷ್ಟೇ ಗಂಟೆಯೆಂದು ತಾನೇ ಬರೆದಿಲ್ಲ.

ಆದರೆ ಈ ಶಿಕ್ಷಣ ಸರ್ಟಿಫಿಕೇಟು ಮಾರುವ ಅಂಗಡಿಯಾಗಬಾರದು. ಸಣ್ಣ ಸಂಬಳದ ಫಿಸಿಯೋಥೆರಪಿಸ್ಟನೂ ದುಡಿಮೆಗಾರನೇ. ದೊಡ್ಡ ಊರಿನ ಹೋಟೆಲಿನಲ್ಲಿ ಫೀಸು ಕಟ್ಟಿ, ಊಟ ಮಾಡಿ, ಅಂಕ ತರುವಂತಾದರೆ ಆ ಖರ್ಚು ಕೊನೆಗೆ ರೋಗಿಯ ತಲೆಗೇ ಬೀಳುತ್ತದೆ. ಆದುದರಿಂದ ನಮ್ಮ ಬೇಡಿಕೆ ಮೂರು. ಒಂದು, ನೋಂದಣಿ ಪಟ್ಟಿ ಕನ್ನಡದಲ್ಲಿ, ಯಾರು ಬೇಕಾದರೂ ನೋಡುವಂತೆ ಇರಲಿ. ಎರಡು, ಕಲಿಕೆಯ ತರಗತಿ ಜಿಲ್ಲಾಸ್ಪತ್ರೆಗಳಲ್ಲಿ ಫೀಸಿಲ್ಲದೆ ನಡೆಯಲಿ. ಮೂರು, ಕಲಿಯಲು ಹೋದ ದಿನಕ್ಕೆ ಧಣಿ ಸಂಬಳ ಕೊಡಲಿ.

ಅಲ್ಲಿಯವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಲ್ಲಿ ಫಿಸಿಯೋಥೆರಪಿ ಕೇಂದ್ರವೂ ಸೇರಿದೆ. ಕೇಂದ್ರಕ್ಕೆ ನೋಂದಣಿ ಬೇಕು, ದರವನ್ನು ಜನರಿಗೆ ತಿಳಿಸಬೇಕು. ನಾಟಿ ವೈದ್ಯರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ; ಕಲಿಯದೆ ಬೋರ್ಡು ತೂಗಹಾಕುವವರ ವಿಷಯ ನಾವು ಹೇಳುವುದು. ಬಾಗಿಲಲ್ಲಿ ನಿಂತು ಮೂರು ಮಾತು ಕೇಳಿರಿ: ಎಲ್ಲಿ ಕಲಿತಿರಿ? ನಿಮ್ಮ ನೋಂದಣಿ ಎಲ್ಲಿದೆ? ದರವೆಷ್ಟು? ತಕ್ಕಡಿಯ ಮುದ್ರೆ ನೋಡಿ ಅಕ್ಕಿ ಕೊಳ್ಳುವ ನಮಗೆ ಇದನ್ನು ಕೇಳಲು ಸಂಕೋಚವೇಕೆ?